ಹುತ್ತದೊಳಗಿನ ಬೇಸಾಯ

ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತೆಂಬ ಗಾದೆಯನ್ನು ಕೇಳದವರಿಲ್ಲ. ಆದರೆ ಹಾವು ಬಂದು ಸೇರುವುದಕ್ಕೆ ಬಹು ಮೊದಲೇ, ಹುತ್ತವಿನ್ನೂ ಗೆದ್ದಲಿನ ವಶದಲ್ಲಿರುವಾಗಲೇ, ಅದರೊಳಗೆ ಮತ್ತೊಂದು ಜೀವಿ ನೆಲಸಿರುತ್ತದೆ. ಅದು ಬೂಷ್ಟು, ಅಣಬೆಗಳ ಕುಲಕ್ಕೆ ಸೇರಿದ ಒಂದು ಶಿಲೀಂಧ್ರ. ಪೈರಿಗೆ ಪಿಡುಗಾದ ಕೀಟಕ್ಕೂ ಈ ಶಿಲೀಂಧ್ರಕ್ಕೂ ಇರುವ ನಂಟನ್ನು ಇಂದು ವಿಚಾರಿಸೋಣ.

ಚನ್ನಗಿರಿಯ ಅಡಿಕೆತೋಟದ ಅಂಚಿನಲ್ಲಿ, ಹೊನ್ನಾಳಿ ನ್ಯಾಮತಿಗಳ ಮೆಕ್ಕೆಜೋಳದ ಹೊಲದ ಬದುವಿನಲ್ಲಿ, ಜಗಳೂರಿನ ಒಣನೆಲದಲ್ಲಿ ಹುತ್ತಗಳು ಅಪರೂಪವಲ್ಲ. ಗೆದ್ದಲಿನ ಮುಖ್ಯವಾದ ಆಹಾರ ಸತ್ತ ಕಡ್ಡಿ, ತರಗು, ಕೂಳೆ. ಮಳೆ ತಡೆದು ಪೈರು ಬಾಡತೊಡಗಿದಾಗ ಅದು ಎಳೆಯ ಸಸಿಯ ಬೇರಿಗೂ, ಜೋಳದ ದಂಟಿನ ಬುಡಕ್ಕೂ, ಶೇಂಗಾದ ಸಿಪ್ಪೆಗೂ ಬಾಯಿಹಾಕುತ್ತದೆ. ಬರದ ವರ್ಷ ರೈತನಿಗೆ ಎರಡು ನಷ್ಟ: ಒಂದು ಮಳೆಯಿಂದ, ಇನ್ನೊಂದು ಗೆದ್ದಲಿನಿಂದ.

ಆದರೆ ಒಣಗಿದ ಕಡ್ಡಿಯಲ್ಲಿ ಸತ್ತ್ವವೆಷ್ಟು? ಸಾರಜನಕ ಬಹಳ ಕಡಮೆ. ಮರಕ್ಕೆ ಬಿಗಿಯನ್ನು ಕೊಡುವ ಲಿಗ್ನಿನ್ ಎಂಬ ದ್ರವ್ಯವನ್ನು ಅರಗಿಸಿಕೊಳ್ಳುವುದು ಸಾಮಾನ್ಯ ಪ್ರಾಣಿಗೆ ಸಾಧ್ಯವಿಲ್ಲ. ಆದಕಾರಣ ನಮ್ಮ ಹುತ್ತ ಕಟ್ಟುವ ಗೆದ್ದಲು ಬೇಸಾಯಕ್ಕೆ ಕೈಹಾಕಿದೆ. ಎಳೆಯ ಕೆಲಸಗಾರ ಗೆದ್ದಲುಗಳು ಹೊರಗಿನಿಂದ ಬಂದ ಸೊಪ್ಪುಕಡ್ಡಿಯನ್ನು ಶಿಲೀಂಧ್ರದ ಕಣಗಳೊಡನೆ ತಿಂದು, ಹಿಕ್ಕೆಯಾಗಿ ಒಂದರ ಮೇಲೊಂದು ಜೋಡಿಸುತ್ತವೆ. ಹುತ್ತವನ್ನು ಅಗೆದವರು ಕಂದುಬಣ್ಣದ, ಸ್ಪಂಜಿನಂತಹ ಗಡ್ಡೆಗಳನ್ನು ನೋಡಿರಬಹುದು. ಅವೇ ಈ ತೋಟ. ಅದರ ಮೇಲೆ ಗಸಗಸೆಗಿಂತ ತುಸು ದಪ್ಪನಾದ ಬಿಳಿಯ ಮಣಿಗಳು ಮೂಡುತ್ತವೆ. ಅವು ಪೌಷ್ಟಿಕವಾದ ಆಹಾರ. ಕೆಲವು ವಾರಗಳಲ್ಲಿ ಶಿಲೀಂಧ್ರವು ಗಡ್ಡೆಯನ್ನೆಲ್ಲ ಮೆತ್ತಗೆ ಮಾಡಿಕೊಡುತ್ತದೆ. ಹಣ್ಣಾದ ತಳಭಾಗವನ್ನು ವಯಸ್ಸಾದ ಕೆಲಸಗಾರರು ತಿನ್ನುತ್ತಾರೆ. ಮೇಲೆ ಹೊಸ ಗೊಬ್ಬರ ಬೀಳುತ್ತಲೇ ಇರುತ್ತದೆ.

ಇದಕ್ಕೆ ಪ್ರತಿಯಾಗಿ ಶಿಲೀಂಧ್ರಕ್ಕೆ ದೊರೆಯುವುದು ತೇವವಾದ, ಹದವಾದ ಬಿಸುಪಿನ ಮನೆ, ಬೇಡದೆ ಬರುವ ಆಹಾರ, ಕಳೆಯಿಂದ ರಕ್ಷಣೆ. ಕಳೆಯೆಂದರೆ ಸ್ಯೂಡೋಕ್ಸೈಲೇರಿಯಾ ಎಂಬ ಬೇರೆ ಶಿಲೀಂಧ್ರ. ಗೆದ್ದಲು ಬಿಟ್ಟುಹೋದ ಗಡ್ಡೆಯನ್ನು ಅದು ಬೇಗನೆ ಆಕ್ರಮಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜಸ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದಂತೆ, ಗೆದ್ದಲು ಈ ಕಳೆಯನ್ನು ವಾಸನೆಯಿಂದ ಗುರುತಿಸಿ ಮಣ್ಣಿನಲ್ಲಿ ಹೂತುಬಿಡುತ್ತದೆ. ರೈತನಿಗೆ ಕಳೆ ಕೀಳುವ ಕಷ್ಟ ಗೊತ್ತು; ಕುರುಡು ಹುಳುವಿಗೂ ಅದು ತಪ್ಪಿಲ್ಲ!

ಈ ತೋಟವನ್ನು ವಿದ್ವಾಂಸರಲ್ಲಿ ಮೊದಲು ಬಣ್ಣಿಸಿದವನು ಕೋನಿಗ್ ಎಂಬ ವೈದ್ಯ, 1779ರಲ್ಲಿ, ತಂಜಾವೂರಿನ ಸೀಮೆಯ ಹುತ್ತಗಳನ್ನು ನೋಡಿ. 1942ರಲ್ಲಿ ಫ್ರಾನ್ಸಿನ ರೋಜೆ ಹೈಮ್ ಈ ಶಿಲೀಂಧ್ರಕ್ಕೆ ಟರ್ಮಿಟೋಮೈಸಿಸ್ ಎಂದು ಹೆಸರಿಟ್ಟನು. ಈ ಸ್ನೇಹ ಸುಮಾರು 3 ಕೋಟಿ ವರ್ಷಗಳ ಹಿಂದೆ ಆಫ್ರಿಕದಲ್ಲಿ ಮೊದಲಾಯಿತೆಂದು ಈಗ ತಿಳಿದಿದೆ. ಮನುಷ್ಯನ ಬೇಸಾಯಕ್ಕೆ ವಯಸ್ಸು ಸುಮಾರು 10 ಸಾವಿರ ವರ್ಷ ಮಾತ್ರ.

ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಈ ಶಿಲೀಂಧ್ರದ್ದೇ ಫಲ. ಹಲವು ಬಗೆಗಳಲ್ಲಿ ಅದರ ಕಾಲು ಬೇರಿನಂತೆ ಕೆಳಗಿಳಿದು ಗಡ್ಡೆಯನ್ನೇ ಮುಟ್ಟುತ್ತದೆ. ಮೊದಲ ಮಳೆಗೆ ಹಾರುವ ಈಚಲುಹುಳುಗಳು ಜೋಡಿಯಾಗಿ ಹೊಸ ಗೂಡು ಹೂಡುತ್ತವೆ. ಅವುಗಳ ಮೊದಲ ಸಂತಾನ ಇಂತಹ ಅಣಬೆಗಳಿಂದ ಉದುರಿದ ಬೀಜಕಣಗಳನ್ನು ತಂದು ತೋಟ ಮಾಡುತ್ತದೆ. ಊರಿನವರು ಆಸೆಯಿಂದ ಆಯ್ದು ಸಾರು ಮಾಡುವುದು ತಮ್ಮ ಶತ್ರುವಿನ ಪೈರನ್ನೇ! ಆದರೆ ಗುರುತು ಬಲ್ಲವರ ಹೊರತು ಬೇರೆಯವರು ಅಣಬೆಯನ್ನು ಆಯಬಾರದು, ವಿಷದವೂ ಉಂಟು.

ಇದರಿಂದ ನಾವು ತಿಳಿಯಬೇಕಾದುದೇನು? ಪೈರನ್ನು ಕೆಡಿಸುವುದು ಹುಳುವೊಂದೇ ಅಲ್ಲ, ಹುಳುವೂ ಶಿಲೀಂಧ್ರವೂ ಕೂಡಿ ನಡೆಸುವ ಸಂಸಾರ. ಹುತ್ತದ ತಲೆಯನ್ನು ಗುದ್ದಲಿಯಿಂದ ಒಡೆದರೆ ಸಾಲದು. ರಾಣಿಯೂ ತೋಟವೂ ಒಳಗೆ ಉಳಿದಿರುವ ತನಕ ಗೋಡೆ ಮತ್ತೆ ಏಳುತ್ತದೆ. ಅರೆಕೊಳೆತ ಗೊಬ್ಬರ ಗೆದ್ದಲನ್ನು ಕರೆಯುತ್ತದೆ. ಚೆನ್ನಾಗಿ ಕಳಿತದ್ದನ್ನೇ ಹಾಕಬೇಕು. ಬೆಳೆಯಿಂದ ದೂರದ ಹುತ್ತವನ್ನು ಸುಮ್ಮನೆ ಬಿಡುವುದು ವಿವೇಕ. ತರಗುಕಡ್ಡಿಯನ್ನು ಮಣ್ಣಾಗಿಸುವ ಕೆಲಸ ಅಲ್ಲಿ ಹಗಲಿರುಳು ಕೂಲಿಯಿಲ್ಲದೆ ನಡೆಯುತ್ತಿದೆ.