ಸೆನ್ಸರ್ ಬದಲಿಸುವ ಮುನ್ನ

ಹಲಸೂರಿನಿಂದ ಹಳೆ ಮದ್ರಾಸು ರಸ್ತೆ ಹಿಡಿದು ಕೆ.ಆರ್. ಪುರದ ತೂಗುಸೇತುವೆ ಮುಟ್ಟುವಷ್ಟರಲ್ಲಿ ವಾಟರ್ ಕೂಲ್ಡ್ ಸ್ಕೂಟರಿನ ಇಂಜಿನ್ ಪಡುವ ಪಾಡನ್ನು, ಅದೇ ಗಾಡಿ ಹೆದ್ದಾರಿಯಲ್ಲಿ ನೂರು ಕಿಲೋಮೀಟರ್ ಓಡಿದರೂ ಪಡುವುದಿಲ್ಲ. ಬೈಯಪ್ಪನಹಳ್ಳಿ ದಾಟಿ ಟಿನ್ ಫ್ಯಾಕ್ಟರಿ ಬಳಿ ತೆವಳುವಾಗ ಬಿಸಿಯ ಕೆಂಪು ದೀಪ ಹತ್ತಿದರೆ ಗ್ಯಾರೇಜಿನಲ್ಲಿ ಬಹಳ ಸಲ ಸಿಗುವ ಉತ್ತರ ಎರಡೇ. ಒಂದು, ‘ಸೆನ್ಸರ್ ಹೋಗಿದೆ ಸಾರ್’. ಇನ್ನೊಂದು, ‘ನೀರು ಕಮ್ಮಿ ಆಗಿತ್ತು, ಹಾಕಿದ್ದೀನಿ’. ಮೊದಲನೆಯದು ಕೆಲವೊಮ್ಮೆ ನಿಜ. ಎರಡನೆಯದು ಮುಂದಿನ ಒಂದೆರಡು ಬೇಸಿಗೆಯಲ್ಲಿ ಈ ಊರಿನ ಎಷ್ಟೋ ಇಂಜಿನ್‌ಗಳನ್ನು ಬಲಿ ತೆಗೆದುಕೊಳ್ಳುತ್ತದೆ ಎಂಬುದು ನನ್ನ ಆತಂಕ.

ಇಂಥ ವಾಟರ್ ಕೂಲ್ಡ್ ಸ್ಕೂಟರಾದ ಯಮಹಾ ಏರಾಕ್ಸ್ 155 ನಮ್ಮ ಮಾರುಕಟ್ಟೆಗೆ ಬಂದದ್ದು 2021ರ ಸೆಪ್ಟೆಂಬರಿನಲ್ಲಿ. 2025ರಲ್ಲಿ ಅದೇ ಬಗೆಯ ಹೀರೋ ಜೂಮ್ 160 ಬಂತು. ಮೊದಮೊದಲು ಕೊಂಡ ಗಾಡಿಗಳು ಈಗ ಎರಡನೇ ಕೈಗೆ ದಾಟುವ ವಯಸ್ಸಿಗೆ ಬಂದಿವೆ. ಇಂಜಿನ್ ತಂಪಾಗಿಸುವ ದ್ರವವಾದ ಕೂಲೆಂಟಿನಲ್ಲಿ ತುಕ್ಕು ತಡೆಯಲು ಬೆರೆಸಿರುವ ರಾಸಾಯನಿಕಗಳು ಎರಡು ಮೂರು ವರ್ಷಕ್ಕೆ ಸತ್ವ ಕಳೆದುಕೊಳ್ಳುತ್ತವೆ. ಆಯಿಲ್ ಬದಲಿಸುವುದನ್ನು ಮರೆಯದ ಸವಾರರಿಗೂ ಕೂಲೆಂಟ್ ನೆನಪಾಗುವುದಿಲ್ಲ. ಹಿಂದೆ ಓಡಿಸಿದ ಸ್ಕೂಟರುಗಳಲ್ಲಿ ಅದು ಇರಲೇ ಇಲ್ಲವಲ್ಲ.

ಬಿಸಿಯ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ರೇಡಿಯೇಟರ್ ಹೊರಹಾಕುವ ಶಾಖ ಕೂಲೆಂಟಿಗೂ ಹೊರಗಿನ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ಕೂಲೆಂಟ್ 90 ಡಿಗ್ರಿ, ಗಾಳಿ 28 ಡಿಗ್ರಿ ಇದ್ದರೆ ಅಂತರ 62. ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಅಂಥ ದಿನ ಅಂತರ 51ರ ಆಸುಪಾಸಿಗೆ ಇಳಿದು, ರೇಡಿಯೇಟರಿನ ಶಕ್ತಿಯಲ್ಲಿ ಆರನೇ ಒಂದು ಭಾಗ ಹೋಯಿತು. ಬಸ್ಸು ಲಾರಿಗಳ ನಡುವೆ, ಕಾದ ಡಾಂಬರಿನ ಮೇಲೆ ಗಾಳಿ 45 ಡಿಗ್ರಿ ಮುಟ್ಟಿದರೆ ಕಾಲು ಭಾಗಕ್ಕೂ ಹೆಚ್ಚು ನಷ್ಟ. ಇದರ ಮೇಲೆ ನಮ್ಮ ವೇಗ: ಟಾಮ್‌ಟಾಮ್ ಸಂಸ್ಥೆಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು 34 ನಿಮಿಷ 10 ಸೆಕೆಂಡ್ ಬೇಕು.

ಏರಾಕ್ಸ್‌ನಲ್ಲಿ ರೇಡಿಯೇಟರ್ ಇರುವುದು ಇಂಜಿನ್ನಿನ ಬಲಮಗ್ಗುಲಲ್ಲಿ. ಫ್ಯಾನು ಕ್ರ್ಯಾಂಕ್‌ಶಾಫ್ಟಿನ ತುದಿಗೇ ಕೂತಿದೆ, ಅದಕ್ಕೆ ಬೇರೆ ಮೋಟರಿಲ್ಲ. ಸಿಗ್ನಲ್ಲಿನಲ್ಲಿ ಇಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಫಿನ್ನುಗಳು ಚೊಕ್ಕಟವಾಗಿದ್ದರೆ ಇದರಿಂದ ತೊಂದರೆಯಿಲ್ಲ, ಗಾಡಿಯನ್ನು ಲೆಕ್ಕ ಹಾಕಿಯೇ ಕಟ್ಟಿದ್ದಾರೆ. ಆದರೆ ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿಯ ಪಕ್ಕ ದಿನವೂ ಓಡಾಡುವ ಗಾಡಿಯ ಬಲಗಡೆಯ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಿ. ಕೂದಲೆಳೆಯಷ್ಟು ತೆಳುವಾದ ಫಿನ್ನುಗಳ ಸಂದಿಯಲ್ಲಿ ಸಿಮೆಂಟಿನ ಧೂಳು, ಮಳೆಗಾಲದ ಕೆಸರು, ಆಯಿಲಿನ ಜಿಡ್ಡು ಸೇರಿ ಬೂದುಬಣ್ಣದ ಗಾರೆಯಾಗಿರುತ್ತದೆ. ಟಾರ್ಚ್ ಹಿಡಿದರೆ ಬೆಳಕು ಆಚೆ ಬಾರದು. ಹುಡುಗರು ಜೋರು ಪ್ರೆಶರಿನಲ್ಲಿ ನೀರು ಬಿಟ್ಟು ಅದನ್ನು ತೊಳೆಯುತ್ತಾರೆ, ಫಿನ್ನು ಮಡಚಿಕೊಂಡು ಗಾಳಿ ಇನ್ನಷ್ಟು ಕಟ್ಟುತ್ತದೆ. ಮೆದು ಬ್ರಷ್ಷು, ಸೋಪಿನ ನೀರು, ಒಳಗಿನಿಂದ ಹೊರಕ್ಕೆ ಮೆಲ್ಲಗೆ ಊದುವ ಗಾಳಿ, ಇಷ್ಟೇ ಸಾಕು.

ಈಗ ನೀರಿನ ಮಾತು. ಪೂರ್ವದ ಬಡಾವಣೆಗಳು ಬಹುಕಾಲ ಬೋರ್‌ವೆಲ್ಲು, ಟ್ಯಾಂಕರನ್ನೇ ನಂಬಿದ್ದವು. ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಚಾಲೂ ಆದದ್ದೇ 2024ರ ಅಕ್ಟೋಬರಿನಲ್ಲಿ. ಗ್ಯಾರೇಜಿನ ಬಕೆಟ್ಟಿನಲ್ಲಿರುವುದು ಆ ಬೋರ್‌ವೆಲ್ಲಿನ ಗಡಸು ನೀರೇ. ಲೀಟರಿಗೆ 500 ಮಿಲಿಗ್ರಾಂ ಗಡಸುತನದ ನೀರನ್ನು ಒಮ್ಮೆ ಅರ್ಧ ಲೀಟರ್ ತುಂಬಿದರೆ ಒಳಹೋಗುವ ಸುಣ್ಣ ಕಾಲು ಗ್ರಾಂ ಮಾತ್ರ. ಒಮ್ಮೆಗೆ ಏನೂ ಆಗದು. ಆದರೆ ಎಲ್ಲೋ ಸಣ್ಣ ಸೋರಿಕೆಯಿದ್ದು ವಾರಕ್ಕೆ 100 ಮಿಲಿಲೀಟರಿನಂತೆ ಸೇರಿಸುತ್ತಾ ಹೋದರೆ ವರ್ಷಕ್ಕೆ ಎರಡೂವರೆ ಗ್ರಾಂ. ಈ ಸುಣ್ಣ ಎಲ್ಲ ಕಡೆ ಸಮನಾಗಿ ಕೂರುವುದಿಲ್ಲ. ಎಲ್ಲಿ ಬಿಸಿ ಹೆಚ್ಚೋ ಅಲ್ಲಿ, ಅಂದರೆ ಸಿಲಿಂಡರ್ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವಿನ ಸುತ್ತ, ಗೀಸರ್ ಕಾಯಿಲಿಗೆ ಕಟ್ಟುವಂತೆ ಬಿಳಿ ಪೊರೆ ಕಟ್ಟುತ್ತದೆ. ಅದರ ಮೂಲಕ ಶಾಖ ಹರಿಯುವುದು ಅಲ್ಯೂಮಿನಿಯಮ್ಮಿಗಿಂತ ಹತ್ತಾರು ಪಟ್ಟು ನಿಧಾನ. ನೀರಿನಲ್ಲಿರುವ ಕ್ಲೋರೈಡು ಅಲ್ಯೂಮಿನಿಯಮ್ಮನ್ನು ಕೊರೆಯುವ ಕೆಲಸ ಬೇರೆ. ತುರ್ತಿಗೆ ಅಂಗಡಿಯಲ್ಲಿ ಬ್ಯಾಟರಿ ನೀರು ಸಿಗುತ್ತದೆ, ಅದನ್ನು ಹಾಕಿ. ನಲ್ಲಿ ನೀರು ಬೇಡ.

ಹಾಗಾದರೆ ಸೆನ್ಸರ್ ಸುಳ್ಳು ಹೇಳುವುದೇ ಇಲ್ಲವೇ? ಹೇಳುತ್ತದೆ, ಪತ್ತೆ ಸುಲಭ. ರಾತ್ರಿಯಿಡೀ ನಿಂತ ಇಂಜಿನ್ನಿನ ಬಿಸಿ ಗಾಳಿಯ ಬಿಸಿಗೆ ಸಮ. ಬೆಳಗ್ಗೆ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಮೀಟರಿನಲ್ಲಿ ಅಂಕೆ ಬಾರದಿದ್ದರೆ ಸರ್ವಿಸ್ ಸೆಂಟರಿನ ಸ್ಕ್ಯಾನರಿನಲ್ಲಿ ಓದಿಸಿ. ಹೊರಗೆ 22 ಇದ್ದಾಗ ಅದೂ 22ರ ಹತ್ತಿರ ತೋರಿಸಿದರೆ ಸೆನ್ಸರನ್ನು ದೂರುವುದು ಕಷ್ಟ. 60 ತೋರಿಸಿದರೆ ಸೆನ್ಸರನ್ನೂ ವೈರನ್ನೂ ನೋಡಿಸಿ. ಸೆನ್ಸರಿನ ಒಳಗಿರುವ ಥರ್ಮಿಸ್ಟರಿನ ರೋಧ ಬಿಸಿ ಏರಿದಂತೆ ಇಳಿಯುತ್ತದೆ. ವೈರ್ ಸವೆದು ಬಾಡಿಗೆ ತಾಗಿದರೆ ಸುಳ್ಳು ಬಿಸಿ, ತುಂಡಾದರೆ ಸುಳ್ಳು ತಂಪು. ಈ ಸುಳ್ಳು ತಂಪೇ ಹೆಚ್ಚು ಭಯದ್ದು. ಕೂಲೆಂಟ್ ತೀರಿ ಸೆನ್ಸರ್ ಬರೀ ಹಬೆಯಲ್ಲಿ ನಿಂತರೂ ಅಂಕೆ ಇಳಿಯಬಹುದು, ಅಷ್ಟರಲ್ಲಿ ಹೆಡ್ಡು ಬೇಯುತ್ತಿರುತ್ತದೆ.

ಬಿಸಿ ನಿಜವೆಂದಾದರೆ ಮೊದಲು ಸೋರಿಕೆ ಹುಡುಕಬೇಕು. ವಾಟರ್ ಪಂಪಿನ ಅಡಿಯ ಸಣ್ಣ ತೂತಿನಲ್ಲಿ ಕೂಲೆಂಟಿನ ಬಣ್ಣದ ಕಲೆ ಕಂಡರೆ ಪಂಪಿನ ಸೀಲ್ ಹೋಗುತ್ತಿದೆ. ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದರೆ ನೀರು ಒಳಗೇ ಸೇರುತ್ತಿದೆ. ಕೂಲೆಂಟ್ ಖಾಲಿಯಾಗುತ್ತಿದ್ದು ಹೊರಗೆಲ್ಲೂ ಹನಿಯಿಲ್ಲದಿದ್ದರೆ, ರಿಸರ್ವ್ ಡಬ್ಬಿಯಲ್ಲಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಇಂಜಿನ್ ಕಾದಿದ್ದರೂ ರೇಡಿಯೇಟರ್ ತಣ್ಣಗಿದ್ದರೆ ಥರ್ಮೋಸ್ಟಾಟ್ ತೆರೆಯದಿರಬಹುದು. ಅದನ್ನು ಕಿತ್ತುಹಾಕಿ ‘ಸರಿ ಮಾಡಿದೆ’ ಎನ್ನುವವರಿದ್ದಾರೆ, ಒಪ್ಪಬೇಡಿ. ಬಿಚ್ಚಿದ್ದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿದರೆ ಬಾಯಿ ತೆರೆಯುತ್ತದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ರೇಡಿಯೇಟರ್ ಕ್ಯಾಪನ್ನು ಮಾತ್ರ ಶಿವಾಜಿನಗರದ ಗುಜರಿಯಲ್ಲಿ ಅಳತೆ ಕೂತಿತೆಂದು ಕೊಳ್ಳಬೇಡಿ. ಸುಮಾರು 900 ಮೀಟರ್ ಎತ್ತರದ ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿಗೇ. ಕೂಲೆಂಟ್ ಅದನ್ನು ದಾಟಿಯೂ ಕುದಿಯದಿರಲು ಅದರಲ್ಲಿರುವ ಗ್ಲೈಕಾಲ್ ಒಂದು ಕಾರಣ, ಕ್ಯಾಪಿನ ಸ್ಪ್ರಿಂಗ್ ಹಿಡಿದಿಡುವ ಒತ್ತಡ ಇನ್ನೊಂದು. ರಬ್ಬರ್ ಗಟ್ಟಿಯಾದ ಕ್ಯಾಪು ಒತ್ತಡ ಹಿಡಿಯದು.

ಏರಾಕ್ಸ್‌ನ ಸಿಲಿಂಡರ್ ಪೂರ್ತಿ ಅಲ್ಯೂಮಿನಿಯಮ್ಮಿನದು. ಹಳೆ ಚೇತಕ್ಕಿನ ಬೀಡುಕಬ್ಬಿಣದ ಸಿಲಿಂಡರಿನಂತೆ ಬೋರ್ ಹೊಡೆಸಿ ದೊಡ್ಡ ಪಿಸ್ಟನ್ ಕೂರಿಸುವ ದಾರಿ ಇಲ್ಲಿಲ್ಲ. ಕಾದು ಸೀಜ್ ಆದರೆ ಸಿಲಿಂಡರ್, ಪಿಸ್ಟನ್ ಎರಡೂ ಹೊಸದೇ.

ದೀಪ ಹತ್ತಿದಾಗ ಗಾಡಿಯನ್ನು ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿ. ಅದರ ಮೈಮೇಲೆ ತಣ್ಣೀರು ಸುರಿಯಬೇಡಿ. ಇಂಜಿನ್ ಕೈಗೆ ತಣ್ಣಗೆ ತಾಗುವವರೆಗೆ ಕ್ಯಾಪ್ ಬಿಚ್ಚಬೇಡಿ, ಒತ್ತಡ ಬಿಟ್ಟೊಡನೆ ಒಳಗಿನದು ಹಬೆಯಾಗಿ ಮುಖಕ್ಕೆ ಹಾರುತ್ತದೆ. ಮನೆಯಲ್ಲಿ ಬಸಿದ ಕೂಲೆಂಟನ್ನು ಚರಂಡಿಗೂ ಸುರಿಯಬೇಡಿ, ತಟ್ಟೆಯಲ್ಲಿ ಬಿಟ್ಟೂ ಹೋಗಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿನಾಯಿ ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತದೆ, ಮಗು ಕುಡಿದರೂ ಅದೇ ಗತಿಯಾದೀತು. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು ಸರ್ವಿಸ್ ಸೆಂಟರಿಗೆ ಒಯ್ಯಿರಿ.