ನಿಮ್ಮ ಶಾಲೆಯ ಮುಂದಿನ ರಸ್ತೆ ಎಷ್ಟು ಸುರಕ್ಷಿತ?



‘ಮೊದಲು ಬಲಕ್ಕೆ ನೋಡಿ, ಆಮೇಲೆ ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ರಸ್ತೆ ದಾಟಿ’ ಎಂದು ನೀವು ಕಲಿತಿದ್ದೀರಿ. ಆದರೆ ನೋಡಿದರೂ ಬರುವ ವಾಹನ ಕಾಣದಿದ್ದರೆ? 2022ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಸುಮಾರು ಐವರಿಗೆ ಒಬ್ಬರು ಪಾದಚಾರಿಗಳು. ನಮ್ಮ ರಸ್ತೆ ಎಷ್ಟು ಸುರಕ್ಷಿತ ಎಂಬುದನ್ನು ನಾವೇ ಅಳೆಯಬಹುದು. ಬನ್ನಿ, ಪ್ರಯತ್ನಿಸೋಣ.

ಮಾಡಿ ನೋಡಿ

ಬೇಕಾಗುವ ಸಾಮಗ್ರಿಗಳು: ಅಳತೆ ಟೇಪು, ಸುಣ್ಣದ ಪುಡಿ, ಕರವಸ್ತ್ರ, ಸ್ಟಾಪ್‌ವಾಚ್.

1. ಶಿಕ್ಷಕರ ಜೊತೆಯಲ್ಲಿ ಮಾತ್ರ ಹೋಗಿ. ರಸ್ತೆಗೆ ಇಳಿಯದೆ ಅಂಚಿನಾಚೆಯೇ 50 ಮೀಟರ್ ಅಳೆದು ಎರಡು ಗುರುತು ಹಾಕಿ.
2. ವಾಹನ ಮೊದಲ ಗುರುತು ದಾಟಿದ ಕೂಡಲೇ ಒಬ್ಬರು ಕರವಸ್ತ್ರ ಬೀಸಲಿ. ಎರಡನೆಯ ಗುರುತಿನ ಬಳಿ ಇರುವವರು ಆಗ ಸ್ಟಾಪ್‌ವಾಚ್ ಚಾಲೂ ಮಾಡಿ, ವಾಹನ ತಮ್ಮ ಗುರುತಿಗೆ ಬಂದಾಗ ನಿಲ್ಲಿಸಲಿ.
3. 180ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬರುವ ಉತ್ತರವೇ ಗಂಟೆಗೆ ಕಿಲೋಮೀಟರ್‌ಗಳಲ್ಲಿ ವಾಹನದ ಜವ.

6 ಸೆಕೆಂಡು ಹಿಡಿದರೆ ಗಂಟೆಗೆ 30 ಕಿ.ಮೀ.; 3 ಸೆಕೆಂಡಾದರೆ 60 ಕಿ.ಮೀ. 180 ಎಲ್ಲಿಂದ ಬಂತು? ಜವ = ದೂರ ÷ ಕಾಲ ಎಂಬ ಸೂತ್ರದಿಂದ ನೀವೇ ಕಂಡುಹಿಡಿಯಿರಿ. ಇಪ್ಪತ್ತು ವಾಹನಗಳ ಜವವನ್ನು ಪಟ್ಟಿ ಮಾಡಿ.

ಎಷ್ಟು ದೂರ ಕಾಣಬೇಕು?

ರಸ್ತೆಯ ಅಗಲ 7 ಮೀಟರ್ ಎಂದುಕೊಳ್ಳಿ. ಸೆಕೆಂಡಿಗೆ 1 ಮೀಟರ್‌ನಂತೆ ನಡೆದರೆ ದಾಟಲು 7 ಸೆಕೆಂಡು ಬೇಕು. ಅಷ್ಟರಲ್ಲಿ 60 ಕಿ.ಮೀ. ಜವದ ಲಾರಿ ಸುಮಾರು 117 ಮೀಟರ್ ಬಂದುಬಿಡುತ್ತದೆ. ಗೇಟಿನಿಂದ 80 ಮೀಟರ್ ದೂರದಲ್ಲಿ ತಿರುವಿದ್ದರೆ? ನೀವು ನೋಡಿದಾಗ ರಸ್ತೆ ಖಾಲಿ. ಕಾಲಿಟ್ಟ ಕ್ಷಣ ತಿರುವಿನಲ್ಲಿ ಕಾಣಿಸಿಕೊಂಡ ಲಾರಿ ಐದು ಸೆಕೆಂಡಿನೊಳಗೆ ನಿಮ್ಮ ಬಳಿ ಇರುತ್ತದೆ. ನೀವಿನ್ನೂ ರಸ್ತೆಯ ಮೇಲೆಯೇ ಇರುತ್ತೀರಿ! ಇಲ್ಲಿ ತಪ್ಪು ದಾಟಿದ ಮಗುವಿನದಲ್ಲ. ಲಾರಿಯ ಜವ 30 ಕಿ.ಮೀ. ಆಗಿದ್ದರೆ 58 ಮೀಟರ್ ಕಂಡರೂ ಸಾಕಿತ್ತು.

ಚಾಲಕರು ಬ್ರೇಕ್ ಹಾಕುವುದಿಲ್ಲವೇ? ಹಾಕುತ್ತಾರೆ. ಆದರೆ ಕಂಡು ಬ್ರೇಕ್ ಒತ್ತಲು ಸುಮಾರು ಒಂದು ಸೆಕೆಂಡು ಬೇಕು. ಜವ ಎರಡರಷ್ಟಾದರೆ ಬ್ರೇಕ್ ಹಾಕಿದ ಮೇಲೆ ವಾಹನ ಸಾಗುವ ದೂರ ನಾಲ್ಕರಷ್ಟಾಗುತ್ತದೆ. ಒಣ ರಸ್ತೆಯಲ್ಲಿ 30 ಕಿ.ಮೀ. ಜವದ ವಾಹನ ಒಟ್ಟು ಸುಮಾರು 15 ಮೀಟರ್‌ನಲ್ಲಿ ನಿಂತರೆ, 60 ಕಿ.ಮೀ. ಜವದ ವಾಹನಕ್ಕೆ ಸುಮಾರು 45 ಮೀಟರ್ ಬೇಕು. ಮಳೆ ಬಂದಾಗ ಇನ್ನೂ ಹೆಚ್ಚು. ಪಾದಚಾರಿಗಳು ಹೆಚ್ಚಾಗಿರುವ ಕಡೆ ಗರಿಷ್ಠ ಜವ ಗಂಟೆಗೆ 30 ಕಿ.ಮೀ. ಇರಲಿ ಎಂದು 2020ರ ಸ್ಟಾಕ್‌ಹೋಮ್ ಘೋಷಣೆ ಹೇಳಿರುವುದು ಇದಕ್ಕಾಗಿಯೇ.

ಇನ್ನೂ ಗಮನಿಸಿ

* ಗೇಟಿನ ಎರಡೂ ಕಡೆ ಎಷ್ಟು ಮೀಟರ್ ಕಾಣುತ್ತದೆ? ಪೊದೆ, ಗೂಡಂಗಡಿ, ನಿಂತ ಟ್ರಾಕ್ಟರ್ ಅಡ್ಡ ಇವೆಯೇ?
* ಕಾಲುದಾರಿ ಇದೆಯೇ? ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿಯಂತೆ ಅದು ಕನಿಷ್ಠ 1.8 ಮೀಟರ್ ಅಗಲವಿರಬೇಕು.
* ಜೀಬ್ರಾ ಪಟ್ಟೆ, ‘ಮುಂದೆ ಶಾಲೆ ಇದೆ’ ಎಂಬ ಫಲಕ, ಬೀದಿದೀಪ ಇವೆಯೇ?

ಮುಂದೇನು?

ಅಳತೆಗಳೊಂದಿಗೆ ರಸ್ತೆಯ ನಕ್ಷೆ ಬರೆಯಿರಿ. ಪೊದೆ ಕಡಿಸುವುದು, ಗಾಡಿ ನಿಲ್ಲಿಸುವ ಜಾಗ ಬದಲಿಸುವುದು ಊರಿನವರಿಂದಲೇ ಆಗುವ ಕೆಲಸ. ಫಲಕ, ಪಟ್ಟೆ, ಉಬ್ಬುಗಳನ್ನು ರಸ್ತೆಯ ಹೊಣೆ ಹೊತ್ತ ಇಲಾಖೆಯೇ ಮಾಡಬೇಕು. ನಿಮ್ಮ ಪಟ್ಟಿಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಓದಿ. ‘ವಾಹನಗಳು ಜೋರಾಗಿ ಬರುತ್ತವೆ’ ಎಂದರೆ ಅದು ದೂರು. ‘ಇಪ್ಪತ್ತು ವಾಹನಗಳಲ್ಲಿ ಇಷ್ಟು ವಾಹನಗಳ ಜವ 50 ಕಿ.ಮೀ. ದಾಟಿತ್ತು, ನಮಗೆ ಕಾಣುವುದು ಇಷ್ಟೇ ಮೀಟರ್’ ಎಂದರೆ ಅದು ಪುರಾವೆ. ಕೆಲಸ ಆದ ಮೇಲೆ ಮತ್ತೊಮ್ಮೆ ಅಳೆಯಿರಿ. ಜವ ತಗ್ಗಿದೆಯೇ ಎಂದು ಹೋಲಿಸಿ ನೋಡಿ.