ಹರಿದ ಕಾಗದ, ಹಿಂಡಿದ ರೇಷ್ಮೆ

ನದಿಯ ಮೇಲೆ ಬಾಣಬಿರುಸು ಸಿಡಿದಿದೆ. ಕಪ್ಪು ಆಕಾಶದ ತುಂಬ ಬೆಳಕಿನ ಹೂಗಳು, ನೀರಿನಲ್ಲಿ ಅವುಗಳ ಬಿಂಬ, ಕೆಳಗೆ ದಡದುದ್ದಕ್ಕೂ ಸಾಸಿವೆ ಚೆಲ್ಲಿದ ಹಾಗೆ ಜನರ ತಲೆಗಳು. ದೂರಕ್ಕೆ ಇದು ಕುಂಚದ ಕೆಲಸ ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಬೆಳಕಿನ ಒಂದೊಂದು ಎಳೆಯೂ ಕಾಗದ. ದೇವರ ದೀಪಕ್ಕೆ ಹತ್ತಿಯ ಬತ್ತಿ ಹೊಸೆಯುತ್ತೇವಲ್ಲ, ಹಾಗೆ ಸಪೂರ ಕಾಗದದ ಪಟ್ಟಿಯನ್ನು ಹೊಸೆದು ಅಂಟಿಸಿದ್ದಾರೆ. ಆ ತಲೆಗಳೂ ಕಾಗದದ ಚೂರುಗಳೇ. ಎಣಿಸಲು ಹೊರಟವರು ಸೋಲಬೇಕು.

ಜಪಾನಿನ ಅತಿ ಉದ್ದದ ನದಿ ಶಿನಾನೊ. ಅದರ ದಡದ ಊರು ನಾಗಾವೊಕ. ಅಲ್ಲಿನ ಆಗಸ್ಟ್ ತಿಂಗಳ ಬಾಣಬಿರುಸಿನ ಹಬ್ಬವನ್ನು ಕಿಯೋಶಿ ಯಾಮಾಶಿತ ಹೀಗೆ ಕಾಗದದಲ್ಲಿ ಕಟ್ಟಿದ್ದು 1950ರಲ್ಲಿ. ಈ ಕಲೆಯ ಹೆಸರು 'ಹರಿ-ಎ'. ಜಪಾನಿ ಭಾಷೆಯಲ್ಲಿ ಹರಿ ಅಂದರೆ ಅಂಟಿಸುವುದು, ಎ ಅಂದರೆ ಚಿತ್ರ. ಕನ್ನಡದ ಕಿವಿಗೆ ಮಾತ್ರ ಅದು ಹರಿಯುವ ಕೆಲಸವೆಂದೇ ಕೇಳುತ್ತದೆ, ಅದೂ ತಪ್ಪಲ್ಲ. ಯಾಮಾಶಿತ ಕಾಗದವನ್ನು ಬೆರಳಲ್ಲಿ ಹರಿದು ಹರಿದೇ ಅಂಟಿಸುತ್ತಿದ್ದರು.

ಕತ್ತರಿಗೂ ಬೆರಳಿಗೂ ಇರುವ ವ್ಯತ್ಯಾಸ ತಿಳಿಯಲು ಮನೆಯಲ್ಲಿ ಬಿದ್ದಿರುವ ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಸಾಕು. ಕತ್ತರಿಸಿದರೆ ಅಂಚು ಬ್ಲೇಡಿನಂತೆ ನೆಟ್ಟಗೆ. ಹರಿದರೆ ಬಣ್ಣದ ಪದರದ ಕೆಳಗಿನ ಬಿಳಿ ಇಣುಕುತ್ತದೆ, ನೀಲಿ ಹಾಳೆಯಾದರೆ ಅಲೆಯ ನೊರೆ ಅಲ್ಲೇ ತಯಾರು. ಜಪಾನಿನ ಕೈಕಾಗದ 'ವಾಶಿ' ಇನ್ನೂ ಒಂದು ಹೆಜ್ಜೆ ಮುಂದೆ. ಕೊಜೊ ಎಂಬ ಗಿಡದ ತೊಗಟೆಯ ಉದ್ದುದ್ದ ನಾರಿನಿಂದ ಮಾಡುವುದರಿಂದ, ಹರಿದಾಗ ಅಂಚಿನಲ್ಲಿ ರೋಮದಂಥ ಎಳೆಗಳು ಏಳುತ್ತವೆ. ಬೆಟ್ಟದ ಚೂರಿನ ಮೇಲೆ ಅಂಥ ಅಂಚನ್ನು ಕೂರಿಸಿದರೆ ಮಂಜು ಕವಿದ ಹಾಗೇ ಕಾಣುತ್ತದೆ. ಅಂಟು ಹಚ್ಚುವ ಕೈ ಹಗುರವಿರಬೇಕು, ಅಷ್ಟೇ.

ಯಾಮಾಶಿತ ಹುಟ್ಟಿದ್ದು 1922ರಲ್ಲಿ, ಟೋಕಿಯೊದಲ್ಲಿ. ಎಳವೆಯ ಕಾಯಿಲೆಯೊಂದು ಮಾತನ್ನು ತೊದಲಾಗಿಸಿತು. ಬುದ್ಧಿ ಮಂದ ಎಂದು ಹಣೆಪಟ್ಟಿ ಬಿತ್ತು. 12ರ ವಯಸ್ಸಿಗೆ ಯಾವಾಟ ಗಾಕುಎನ್ ಎಂಬ ವಿಶೇಷ ಶಾಲೆಗೆ ಸೇರಿದಾಗ ಕೈಗೆ ಸಿಕ್ಕಿದ್ದು ಕಾಗದ ಮತ್ತು ಅಂಟು. 18ಕ್ಕೆ ಶಾಲೆ ಬಿಟ್ಟು ಓಡಿದರು. ಸೇನೆಗೆ ಎಳೆದುಕೊಂಡು ಹೋಗುತ್ತಾರೆಂಬ ಭಯವೂ ಬೆನ್ನಿಗಿತ್ತು. ಆಮೇಲಿನ ಹದಿನಾಲ್ಕು ವರ್ಷ ಊರೂರು ಅಲೆದರು, ನಡುನಡುವೆ ಮರಳಿದರು. ಅವರ ಬದುಕನ್ನು ಆಧರಿಸಿದ ಜನಪ್ರಿಯ ಟಿವಿ ಧಾರಾವಾಹಿಯಲ್ಲಿ ಅವರು ಹೋದಲ್ಲೆಲ್ಲ ಕೂತು ಚಿತ್ರ ಮಾಡುತ್ತಾರೆ. ನಿಜದಲ್ಲಿ ದಾರಿಯಲ್ಲಿ ಚಿತ್ರ ಬರೆದದ್ದು ತೀರ ಅಪರೂಪ. ಸುಮ್ಮನೆ ನೋಡುತ್ತಿದ್ದರು. ಶಾಲೆಗೆ ಮರಳಿದ ಮೇಲೆ ನೆನಪಿನಿಂದಲೇ ಕಾಗದ ಹರಿಯುತ್ತಿದ್ದರು. ಧಾರಾವಾಹಿಯ ಕಥೆಗಿಂತ ಇದೇ ನನಗೆ ದೊಡ್ಡ ಅಚ್ಚರಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಬಣ್ಣದ ಕಾಗದ ಸಿಗದಾದಾಗ ಹಳೆಯ ಅಂಚೆಚೀಟಿಗಳನ್ನೂ ಹರಿದು ಬಳಸಿದವರು ಅವರು.

ಅದೇ ನಾಡಿನಲ್ಲಿ ಇಚ್ಚಿಕು ಕುಬೋಟ ರೇಷ್ಮೆ ಹಿಡಿದವರು. 14ನೇ ವಯಸ್ಸಿಗೇ ಬಣ್ಣಗಾರರ ಬಳಿ ಶಿಷ್ಯರಾಗಿ ಸೇರಿದ್ದ ಅವರು, 20ರ ಪ್ರಾಯದಲ್ಲಿ ಟೋಕಿಯೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಹಳೆಯ ಬಟ್ಟೆಯ ತುಂಡು ಕಂಡರು. ಅದು 'ತ್ಸುಜಿಗಹಾನ'. ಹದಿನಾರನೇ ಶತಮಾನದ ಆಸುಪಾಸಿನಲ್ಲಿ ಮೆರೆದು, ಆಮೇಲೆ ಮಾಡುವವರೇ ಇಲ್ಲದಂತೆ ಮಾಯವಾದ ಬಣ್ಣಗಾರಿಕೆ. ಕಲಿಸಲು ಗುರುವಿಲ್ಲ. ಅದಕ್ಕೆ ಬಳಸುತ್ತಿದ್ದ ರೇಷ್ಮೆಯನ್ನು ನೇಯುವವರೂ ಇಲ್ಲ. ಅದರ ಗುಟ್ಟು ಬಿಡಿಸುವ ಮೊದಲೇ ಯುದ್ಧ ಬಂತು. ಕುಬೋಟ ಸೈಬೀರಿಯದಲ್ಲಿ ಸೋವಿಯತ್ ಸೆರೆಯಾಳಾದರು. ಅಲ್ಲಿ ಕಂಡ ಸೂರ್ಯಾಸ್ತವನ್ನು ಎಷ್ಟೋ ವರ್ಷಗಳ ನಂತರ ಕಿಮೋನೊದ ಮೇಲಿಳಿಸಿದರು. ಮಾಯವಾಗಿದ್ದ ಬಣ್ಣಗಾರಿಕೆಯನ್ನು ತಮ್ಮದೇ ಬಗೆಯಲ್ಲಿ ಮರಳಿ ತಂದು, ಮೊದಲ ಪ್ರದರ್ಶನ ಮಾಡಿದ್ದು 1977ರಲ್ಲಿ. ಆಗ ವಯಸ್ಸು 60.

ಕೆಲಸದ ಬಗೆ ನಮಗೇನೂ ಹೊಸದಲ್ಲ, ಬಾಂಧನಿ ಸೀರೆಯ ದೂರದ ನೆಂಟ. ಜಪಾನಿನಲ್ಲಿ ಇಂಥ ಕಟ್ಟುಬಣ್ಣದ ಕೆಲಸಕ್ಕೆ 'ಶಿಬೊರಿ' ಎನ್ನುತ್ತಾರೆ, ಹಿಂಡುವುದು ಎಂಬ ಕ್ರಿಯಾಪದದಿಂದ ಹುಟ್ಟಿದ ಮಾತು. ಬಾಂಧನಿಯಲ್ಲಿ ಉಗುರ ತುದಿಯಷ್ಟು ಬಟ್ಟೆ ಚಿವುಟಿ ಕಟ್ಟಿದರೆ ಚುಕ್ಕಿ. ಕುಬೋಟರ ತ್ಸುಜಿಗಹಾನದಲ್ಲಿ ಮರದ್ದೋ ಬೆಟ್ಟದ್ದೋ ಹೊರಗೆರೆಯ ಗುಂಟ ಸೂಜಿ ಹಾಕಿ, ದಾರ ಜಗ್ಗಿ ಬಿಗಿದರೆ ಅಷ್ಟೂ ಭಾಗ ಮುದುಡಿಕೊಳ್ಳುತ್ತದೆ. ಅದಕ್ಕೆ ಪ್ಲಾಸ್ಟಿಕ್ ಸುತ್ತಿ ಉಳಿದದ್ದಕ್ಕೆ ಬಣ್ಣ. ಬಿಚ್ಚಿ, ಬೇರೆ ಕಡೆ ಮತ್ತೆ ಹೊಲಿದು, ಮತ್ತೆ ಬಣ್ಣ. ಒಂದು ಸಂಜೆಯ ಆಕಾಶಕ್ಕೆ ಇದು ಎಷ್ಟೋ ಸಲ. ಎಲೆಯ ನರ, ಹೂವಿನ ನೆರಳಿನಂಥ ನವುರು ಗೆರೆಗಳಿಗೆ ಮಾತ್ರ ಕೊನೆಯಲ್ಲಿ ಮಸಿಯ ಕುಂಚ. ಇವೆಲ್ಲ ಸೇರಿ ಒಂದು ಕಿಮೋನೊಗೆ ವರ್ಷ ಹಿಡಿಯುತ್ತಿತ್ತು.

'ಬೆಳಕಿನ ಸ್ವರಮೇಳ' ಎಂಬ ಸರಣಿಗೆ ಅವರು ಹಾಕಿಕೊಂಡ ಲೆಕ್ಕ 80 ಕಿಮೋನೊ. ತೋಳು ಚಾಚಿ ಒಂದರ ಪಕ್ಕ ಒಂದು ತೂಗುಹಾಕಿದರೆ ಶರದೃತುವಿನ ಕಾಡು ಒಂದರ ತೋಳಿನಿಂದ ಮುಂದಿನದರ ತೋಳಿಗೆ ದಾಟಿ, ಹೋಗುತ್ತ ಹೋಗುತ್ತ ಚಳಿಗಾಲವಾಗುತ್ತದೆ. ಫುಜಿ ಪರ್ವತದ ಬುಡದಲ್ಲಿ, ಕವಾಗುಚಿ ಸರೋವರದ ಬಳಿ 1994ರಲ್ಲಿ ತೆರೆದ ಅವರ ಮ್ಯೂಸಿಯಮ್ಮಿನಲ್ಲಿ ಇವನ್ನು ನೋಡಬಹುದು. 80 ತುಂಬಲಿಲ್ಲ. 2003ರಲ್ಲಿ ಕುಬೋಟ ತೀರಿಕೊಂಡರು.

ದಾರ ಬಿಚ್ಚಿದ ಮೇಲೂ ರೇಷ್ಮೆಯಲ್ಲಿ ಹೊಲಿಗೆಯ ಸುಕ್ಕು ಉಳಿದಿರುತ್ತದೆ. ಕುಬೋಟ ಅದನ್ನು ಇಸ್ತ್ರಿ ಮಾಡಿ ಅಳಿಸಲಿಲ್ಲ. ಹಿಮದ ಇಳಿಜಾರು ಬೆಳಕಿಗೆ ಉಬ್ಬಿ ತಗ್ಗಿ ಕಾಣುವುದು ಆ ಸುಕ್ಕಿನಿಂದಲೇ.